ಫೌಜದಾರ ಕೊಟ್ಟ ಮುಯ್ಯಾಳು

…ಅಲ್ಲ, ಇದನ್ನ ನನಗ ಮೊದಲ ಹೇಳಿದಾಕಿ ನಮ್ಮ ಚಿಗವ್ವ ಗುರವ್ವ. ಗಾಡಿ ಹೊಡಕೊಂಡು ಹೋದಾಂವ ನಾನ ಖರೆ, ಆದ್ರ ಪೊಲೀಸ ಚೌಕಿ ಒಳಗ ಹೋದಾಕಿ ಆಕಿ, ಹೊರಗ ಎತ್ತು ಹಿಡಕೊಂಡು ನಿಂತಾಂವ ನಾ. ಒಳಗಿನ ಮಾತು ಆಕಿ ದಾರ್ಯಾಗ ಹೇಳಿದ್ದು. ಒಂದೀಟು ಉಪ್ಪು-ಖಾರ ಹಚ್ಚಿರಬೇಕು, ಹಚ್ಚದ ಬಿಡೋ ಪೈಕಿ ಅಲ್ಲ ಆಕಿ.

ಆವಾಗ ನಾವು ಮುಂಬೈ ಸರಕಾರದಾಗ ಇದ್ವಿ. ಕನ್ನಡ ಮಂದಿ ಎಲ್ಲಾ ಒಂದ ರಾಜ್ಯದಾಗ ಇರಬೇಕು ಅಂತ ತಾಲೂಕಿನ ಊರಾಗ ಮೆರವಣಿಗಿ ಇತ್ತು. ಯಾವ ಊರು ಅಂತ ಕೇಳಬ್ಯಾಡ್ರಿ, ನಮ್ಮ ಬೀಗರು ಅದಾರ ಅಲ್ಲಿ. ದೊಡವಾಡದ ಕಡಿಂದ ನಾನು ಮತ್ತ ನಮ್ಮ ಕಾಕಾ, ಅಂದ್ರ ಗುರವ್ವನ ಗಂಡ, ಹೋಗಿದ್ವಿ. ಕಾಕಾ ದೊಡ್ಡ ಶಿವಭಕ್ತ, ಮಂದಿ "ಜೈ" ಅಂದ್ರ ಇಂವ "ಹರಹರ" ಅನ್ನಾಂವ. ನಮ್ಮ ಕೈಯಾಗ ಕಲ್ಲಿಲ್ಲ, ಬಡಿಗಿಲ್ಲ. ಪೊಲೀಸರು ಏಕಾಏಕಿ ಲಾಠಿ ಹಿಡದು ಹೊಕ್ಕರು ನೋಡ್ರಿ. ನನ್ನ ಬೆನ್ನಿಗೆ ಬಿದ್ದದ್ದು ಹೋಗ್ಲಿ. ಕಾಕಾ, ಕೆಳಗ ಬಿದ್ದ ಒಬ್ಬ ಮುದುಕನ್ನ ಎಬ್ಬಸಾಕ ಬಗ್ಗಿದ್ದ, ಲಾಠಿ ಏಟಿಗೆ ಬಲಗೈ ಎಲುಬು ಮುರೀತು.

ಅದೂ ಎಂಥಾ ಹೊತ್ತಿನ್ಯಾಗ? ಬಿಳಿಜ್ವಾಳ ಬಿತ್ತೋ ಹೊತ್ತು. ಕರೀ ಎರಿ ಮಣ್ಣಿನ ಹೊಲದ ಹಸಿ ಯಾರ ಸಲುವಾಗಿನೂ ಕಾಯಂಗಿಲ್ಲ, ಒಣಗಿದ್ರ ವರ್ಷದ ರೊಟ್ಟಿ ಹೋತು. ಬೀಜ ಬಿತ್ತೋ ಕೂರಿಗಿ ಹೊಡಿಯಾಕ ಗಟ್ಟಿ ಆಳು ಬೇಕು, ಊರ ಗಂಡಸರೆಲ್ಲಾ ತಮ್ಮ ತಮ್ಮ ಹೊಲದಾಗ, ನನ್ನ ಬೆನ್ನು ಬಗ್ಗವಲ್ದು. ಪರಿಹಾರ ಕೊಡ್ರಿ ಅಂತ ಸರಕಾರಿ ಕಚೇರ್ಯಾಗ ಅರ್ಜಿ ಕೊಟ್ಟಿದ್ವಿ. ಕೇಳಾಕ ಹೋದ್ರ, "ಮ್ಯಾಲ ಹೋಗೇತಿ" ಅನ್ನಾವ್ರು. ಚಿಗವ್ವ ಅಂದ್ಲು, "ಮ್ಯಾಲ ಅಂದ್ರ ಎಲ್ಲಿ? ಶಿವನ ಹತ್ರ ಹೋಗಿದ್ರ ಇಷ್ಟೊತ್ತಿಗೆ ಉತ್ತರ ಬರತಿತ್ತು."

ಮರುದಿನ ಗಾಡ್ಯಾಗ ಕೂರಿಗಿ ಹೇರಿಸಿ, ತಾಲೂಕಿನ ಊರ ಚೌಕಿ ಬಾಗಲಿಗೆ ಗಾಡಿ ನಿಲ್ಲಸಿ, ಒಳಗ ಹ್ವಾದ್ಲು. ಫೌಜದಾರ ಚಾ ಕುಡಿಯಾಕ ಹತ್ತಿದ್ದನಂತ.

"ಏನಬೇ, ಏನ ಬೇಕು?"

"ಮುಯ್ಯಾಳು ಬೇಕ್ರಿ ಸಾಹೇಬ್ರ."

ಮುಯ್ಯಾಳು ಅಂದ್ರ ನಿಮಗ ಗೊತ್ತಿರಲಿಕ್ಕಿಲ್ಲ. ಇವತ್ತ ನೀವು ನಮ್ಮ ಹೊಲಕ್ಕ ದುಡಿಯಾಕ ಬಂದ್ರ ನಾಳೆ ನಾವು ನಿಮ್ಮ ಹೊಲಕ್ಕ ಬರೂದು, ಕೂಲಿ ಇಲ್ಲ. ಅದ ಲೆಕ್ಕದಾಗ, ನಿಮ್ಮ ಎತ್ತು ಕೋಡಿಲೆ ಹಾದು ನಮ್ಮ ಗಂಡಸು ಹಾಸಿಗಿ ಹಿಡದ್ರ, ಅಂವ ಏಳೂ ತನಕ ನಿಮ್ಮನ್ಯಾಗಿನ ಗಂಡಸು ನಮ್ಮ ಹೊಲಕ್ಕ ಬರಬೇಕು. ಚಿಗವ್ವ ಫೌಜದಾರಗ ಇದನ್ನ ಸಾವಕಾಶ ತಿಳಿಸಿ ಹೇಳಿದ್ಲು.

"ಹಂಗಾರ ನಮ್ಮ ಪೊಲೀಸರು ಎತ್ತೇನ?"

"ಅಯ್ಯ, ಎತ್ತಿಗೆ ಹಂಗ ಅನಬ್ಯಾಡ್ರಿ, ಬಸವಣ್ಣ ಅದು. ಬೆದರಿದ್ರ ಅಷ್ಟ ಹಾಯತೈತಿ."

"ನಡಿ ಹೊರಗ! ಕೇಸ ಹಾಕತೇನಿ!"

"ಹಾಕ್ರಿ. ಅಲ್ಲೀತನಕ ನಮ್ಮ ಎತ್ತಿಗೂ ಒಂದೀಟು ಮೇವು ಹಾಕ್ರಿ."

ಅವತ್ತ ಸಂತಿ. ಹೊರಗ ಮಂದಿ ಕೂಡಿತು. "ಏನೋ ತಮ್ಮಾ, ಚೌಕಿ ಮುಂದ ಕೂರಿಗಿ?" ಅಂತ ಕೇಳಿದ್ರು. ಚಿಗವ್ವ ಬರೋ ಮುಂದ ಅಂದದ್ದನ್ನ ನಾ ಹೇಳಿದೆ, "ಫೌಜದಾರ್ರು ಬಿತ್ತಾಕ ಬರಾವ್ರದಾರ." ಮಂದಿ ನಕ್ಕದ್ದು ಒಳಗ ಕೇಳಸ್ತು. ಆವಾಗ ಒಬ್ಬ ಪೊಲೀಸ ಮುಂದ ಬಂದ, ಅಥಣಿ ಕಡೀ ಒಕ್ಕಲುತನದ ಮನಿ ಹುಡುಗ. "ಸಾಹೇಬ್ರ, ರಜಾ ಕೊಡ್ರಿ, ನಾ ಹೋಗತೇನಿ" ಅಂದ. ಹೊರಗಿನ ನಗಿ ನಿಂತ್ರ ಸಾಕು ಅಂತ ಫೌಜದಾರ ಹೂಂ ಅಂದ. ಕಾಕಾಗ ಹೊಡದಾಂವ ಅಂವನೋ ಬ್ಯಾರೆಯಾಂವನೋ, ಚಿಗವ್ವ ಕೇಳಲಿಲ್ಲ, ಅಂವ ಹೇಳಲಿಲ್ಲ.

ನಮ್ಮ ಹೊಲಕ್ಕ ಬಂದು, ಟೊಪಿಗಿ ತಗದು, ಧೋತರ ಕಚ್ಚಿ ಹಾಕಿ, ಅಂವ ಎಂಥಾ ಸಾಲ ಹೊಡದ ಅಂತೀರಿ! ಚಿಗವ್ವ ಹಿಂದಿಂದ ಬೀಜ ಬಿಡತಿದ್ಲು. ಬದುವಿನ ಮ್ಯಾಲ ಕುಂತಿದ್ದ ಕಾಕಾ, "ಲಾಠಿಕಿಂತಾ ಕೂರಿಗಿ ಚಲೋ ಹಿಡೀತಾನ" ಅಂದ. ಮಧ್ಯಾಹ್ನ ಬುತ್ತಿ ಬಿಚ್ಚಿದ್ರ ಕಾಕಾಗ ಎಡಗೈಯಾಗ ರೊಟ್ಟಿ ಮುರಿಯಾಕ ಬರವಲ್ದು. ಆ ಹುಡುಗ ಬಾಜೂಕ ಸರದು ಕುಂತು, ಮುರದು ಮುರದು ಕೊಟ್ಟ. ಆವಾಗ ಯಾರೂ ಚ್ಯಾಷ್ಟಿ ಮಾಡಲಿಲ್ಲ.

ಕಾಕಾನ ಕೈ ಮತ್ತ ಪೂರಾ ನೆಟ್ಟಗಾಗಲಿಲ್ಲ, ಸರಕಾರದ ಪರಿಹಾರ ಇವತ್ತಿಗೂ ಬಂದಿಲ್ಲ. ಆದ್ರ ಹೊಲ ಬಿತ್ತಿ ಆತು, ಜ್ವಾಳ ಬಂತು. ಬಿತ್ತಿದ ಮುಂದಿನ ಸಂತಿಗೆ ನಾನೂ ಚಿಗವ್ವನೂ ಹೋಗಿ ನೋಡಿದ್ರ, ಲಾಠಿ ತಿಂದವರ ಮನಿಯವರು ಮುಯ್ಯಾಳು ಕೇಳಾಕ ಸಾಲಾಗಿ ಗಾಡಿ ಕಟಗೊಂಡು ಚೌಕಿ ಮುಂದ! ಫೌಜದಾರ ಚಿಗವ್ವನ್ನ ಕರದು ಅಂದ, "ಯವ್ವಾ, ಕೈ ಮುಗೀತೇನಿ, ಈ ಪದ್ಧತಿ ಇನ್ನ ಯಾರಿಗೂ ಹೇಳಬ್ಯಾಡ." ಆಕಿ, "ನಾ ಯಾಕ ಹೇಳ್ಲಿ ಬಿಡ್ರಿ" ಅಂದು ಬಂದು ಗಾಡಿ ಹತ್ತಿದಾಕಿ, ಊರು ಮುಟ್ಟೂದ್ರಾಗ ನನಗ ಎಲ್ಲಾ ಹೇಳಿ ಮುಗಿಸಿದ್ಲು. ಕೆಡವಿದಾಂವನ ಬಂದು ಎತ್ತಬೇಕ್ರೆಪಾ, ಇಷ್ಟ ಇದರಾಗಿಂದು. ನೀವೂ ನಾಕ ಮಂದಿಗೆ ಹೇಳ್ರಿ.