ಬಿಸಿಲಿಗಿಟ್ಟ ಡ್ರಾಯರು

ಇಲ್ಲ ಅಜ್ಜಿ, ಊಟ ಮಾಡಿಕೊಂಡು ಸುಮ್ಮನೆ ಬರಲು ನನ್ನಿಂದ ಆಗುವುದಿಲ್ಲ. ಕ್ಷಮಿಸಿ, ಅಜ್ಜಿ ಮನೆಯಲ್ಲಿದ್ದಾಳೆ. ಅವಳ ಜೊತೆಗಿನ ಬೆಳಗಿನ ಜಗಳ ನನ್ನ ತಲೆಯಲ್ಲಿ ಇನ್ನೂ ಮುಗಿದಿಲ್ಲ. ಅಧ್ಯಕ್ಷರಾದ ಹೊರಿಗೋಮೆ ಸೆನ್ಸೇಯವರೇ, ದೂರದಿಂದ ಬಂದ ಅತಿಥಿಗಳೇ, ಇಂದು ಪದಕ ಪಡೆದ ಕುರೆಬಯಾಶಿ ಚಿನಾತ್ಸು ಅವರೇ, ಊಟಕ್ಕೆ ಕಾಯುತ್ತಿರುವ ಸಭಿಕರೇ.

ನಾನು ಇಸೊಗಾಯಿ. ತ್ಸುಕುಬಾದ ಈ ಪ್ರಯೋಗಾಲಯದ ನೆಲ ಒರೆಸುವವನು. ಹತ್ತನೇ ತರಗತಿಗೆ ಶಾಲೆ ಬಿಟ್ಟೆ, ಶಾಲೆಯೂ ತಡೆಯಲಿಲ್ಲ. ಅಂಥವನ ಕೈಗೆ ಮೈಕು ಏಕೆ? ಚಿನಾತ್ಸು ಅವರು ತಮ್ಮ ಪ್ರಬಂಧದ ಕೊನೆಯಲ್ಲಿ ‘ಚಳಿಗಾಲವೆಲ್ಲ ಕತ್ತಲ ಡ್ರಾಯರನ್ನು ಕಾದ ಇಸೊಗಾಯಿಯವರಿಗೆ ಋಣಿ’ ಎಂದು ಬರೆದಿದ್ದಾರೆ. ನಮ್ಮ ವಂಶದಲ್ಲಿ ಅಚ್ಚಾಗಲಿರುವ ಮೊದಲ ಹೆಸರು. ನಿನ್ನೆ ನಾಲ್ಕು ಸಲ ಓದಿದೆ. ಐದನೇ ಸಲಕ್ಕೆ ‘ಕತ್ತಲ’ ಎಂಬ ಪದದ ಮೇಲೆ ಬೆರಳು ನಿಂತಿತು.

ಅವರ ಪ್ಲಾಸ್ಟಿಕ್ ಹಾಳೆಗೆ ಗೀರು ಬಿದ್ದರೆ, ಬೆಳಕು ತಾಗಿದಾಗ ತಾನೇ ಕೂಡಿಕೊಳ್ಳುತ್ತದೆ. ಪದಕ ಬಂದದ್ದು ಅದಕ್ಕಲ್ಲ. ಡ್ರಾಯರಿನ ಕತ್ತಲಲ್ಲೂ ಕೂಡಿಕೊಂಡಿತು ಎಂದು. ಕೂಡಿಕೊಂಡಿತೇ?

ಡಿಸೆಂಬರ್ ಇಪ್ಪತ್ತೆಂಟು, ವರ್ಷಾಂತ್ಯದ ದೊಡ್ಡ ಶುಚಿ. ಮನೆಯಲ್ಲಿರುವುದನ್ನೆಲ್ಲ ಬಿಸಿಲಿಗೆ ಹಾಕದಿದ್ದರೆ ಹೊಸ ವರ್ಷ ಹೊಸಿಲು ದಾಟುವುದಿಲ್ಲ ಎಂದು ಅಜ್ಜಿ ಬೆಳೆಸಿದ ಹುಡುಗ ನಾನು. ಪ್ರಯೋಗಾಲಯದ ಆ ಡ್ರಾಯರಿನಲ್ಲಿದ್ದ ಹಾಳೆಗಳ ಮೇಲೆ ‘ಮುಟ್ಟಬೇಡಿ’ ಎಂಬ ಚೀಟಿ ಇತ್ತು. ಮುಟ್ಟಲಿಲ್ಲ. ಡ್ರಾಯರನ್ನೇ ಇಡಿಯಾಗಿ ಎಳೆದು ಬಾಲ್ಕನಿಯಲ್ಲಿಟ್ಟೆ. ಎರಡು ಗಂಟೆ, ಒಳ್ಳೆಯ ಬಿಸಿಲು.

ಜನವರಿಯಲ್ಲಿ ಚಿನಾತ್ಸು ಅವರು ಕೇಳಿದರು: “ಇಸೊಗಾಯಿ-ಸಾನ್, ಡ್ರಾಯರ್ ಯಾರಾದ್ರೂ ತೆಗೆದ್ರಾ?”

“ಯಾರೂ ತೆಗೆದಿಲ್ಲ, ಚಿನಾತ್ಸು-ಸಾನ್.”

ನನ್ನ ತಲೆಯಲ್ಲಿ ತೆಗೆಯುವುದು ಬೇರೆ, ಶುಚಿ ಮಾಡುವುದು ಬೇರೆ.

“ಹಾಗಾದ್ರೆ ಕತ್ತಲಲ್ಲೇ ಆಗಿದೆ ಕಣ್ರೀ” ಎಂದು ಅವರು ಕಾರಿಡಾರಿನಲ್ಲೇ ಕುಣಿದರು. ನನಗೆ ಬಿಸಿ ಬನ್ನು ಕೊಡಿಸಿದರು. ನಾನು ತಿಂದೆ.

ಇವತ್ತು ಬೆಳಿಗ್ಗೆ ಅಜ್ಜಿ ಅಂದಳು: “ಪದಕ ಬಂದಾಯ್ತಲ್ಲೋ, ಇನ್ನೇನು? ಆ ಹುಡುಗಿ ಮುಖ ನೋಡಿ ಬಾಯ್ ಮುಚ್ಕೋ.”

ಮುಖ ನೋಡಿದೆ ಅಜ್ಜಿ, ಅದಕ್ಕೇ ಬಾಯಿ ಬಿಟ್ಟೆ. ಪ್ರಬಂಧ ಸೋಮವಾರ ಅಚ್ಚಿಗೆ ಹೋಗುತ್ತದಂತೆ. ಇವತ್ತು ಶನಿವಾರ. ಮುಂದೆ ಬೇರೆ ದೇಶದವರು ಹಾಳೆಯನ್ನು ಕತ್ತಲಲ್ಲಿಟ್ಟು, ಅದು ಕೂಡಿಕೊಳ್ಳದೆ ಹೋದರೆ ಸುಳ್ಳುಗಾತಿ ಅನ್ನಿಸಿಕೊಳ್ಳುವವರು ಯಾರು? ನೆಲ ಒರೆಸುವವನ ಹೆಸರು ಯಾರಿಗೆ ಬೇಕು?

ತಾಳ್ಮೆಯಿಂದ ಕೇಳಿದ್ದಕ್ಕೆ ವಂದನೆಗಳು. ಚಿನಾತ್ಸು ಅವರು ಪದಕವನ್ನು ಮೇಜಿನ ಮೇಲಿಟ್ಟು ಆಗಲೇ ಎದ್ದು ಹೊರಗೆ ಹೋದರು; ನನಗೇ ಕಾಯುತ್ತಿರಬೇಕು. ಬೈಸಿಕೊಳ್ಳುವುದು ಬಹಳ ಇದೆ. ನೀವು ಊಟ ಶುರು ಮಾಡಿ, ಬಾಗಿಲು ನಾನೇ ಹಾಕಿಕೊಂಡು ಹೋಗುತ್ತೇನೆ. ನಮಸ್ಕಾರ.