ಕಿವಿಯ ಮಟ್ಟಕ್ಕೆ ಬಂದ ಕೈ

ಗಿರಾಕಿಗಳ ಬಾಯಲ್ಲಿ ಕತ್ತರಿಯಣ್ಣ, ವಯಸ್ಸು 52 ವರ್ಷ, ಕ್ಷೌರಿಕ ವೃತ್ತಿ, ವಾಸ ಸ್ವಂತ ಅಂಗಡಿಯ ಹಿಂದಿನ ಮನೆ. ಪೊಲೀಸರು ವಿಚಾರಿಸಿದ್ದಕ್ಕೆ, ಭುಜದ ಮೇಲೆ ಬಿದ್ದದ್ದನ್ನು ಬಿಟ್ಟರೆ ಬೇರಾವ ಒತ್ತಡವೂ ಇಲ್ಲದೆ ನಾನು ಹೇಳುವುದೇನೆಂದರೆ:

ನನ್ನ ಬಲಭುಜ ನಾಲ್ಕು ತಿಂಗಳಿನಿಂದ ಬಿಗಿದುಕೊಂಡಿದೆ. ಕೈ ಎದೆಯ ಮಟ್ಟಕ್ಕಿಂತ ಮೇಲೇಳುವುದಿಲ್ಲ. ಹೀಗಾಗಿ ಗಿರಾಕಿಯ ಕಿವಿಯಿಂದ ಕೆಳಗಿನ ಕೂದಲನ್ನು ನಾನು, ಮೇಲಿನದನ್ನು ನನ್ನ ಹೆಂಡತಿ ಕತ್ತರಿಸುತ್ತಿದ್ದೇವೆ. ಅವಳು ಹೊಲಿಗೆಯವಳು. ಕೂದಲನ್ನೂ ಬಟ್ಟೆಯ ಹಾಗೆ ಸ್ಕೇಲ್ ಇಟ್ಟು ನೇರಕ್ಕೆ ಕತ್ತರಿಸುತ್ತಾಳೆ. ಹಳೆಯ ಗಿರಾಕಿಗಳು ಸಂಕೋಚದಿಂದ ದುಡ್ಡು ಕೊಟ್ಟು ಎದ್ದು ಹೋಗಿ, ಮುಂದಿನ ಸಲ ಬೇರೆ ಅಂಗಡಿಯಲ್ಲಿ ಕೂರುತ್ತಾರೆ. ಕೈ ಏಳದಿದ್ದರೆ ಅಂಗಡಿ ಮುಚ್ಚುವುದೊಂದೇ ದಾರಿ.

ಅಂಗಡಿಯ ಪಕ್ಕದ ಕೋಣೆಯಲ್ಲಿ ಫಿಸಿಯೋಥೆರಪಿ ನಡೆಸುವ ಮೇಡಂ ಇಂದು ಬೆಳಿಗ್ಗೆ ಹತ್ತು ಗಂಟೆಗೆ ನನ್ನನ್ನು ಮಲಗಿಸಿ, ಶಾಖ ಕೊಟ್ಟು, ಕಂಕುಳಲ್ಲಿ ಸುತ್ತಿದ ಟವೆಲ್ ಇಟ್ಟು, ಹೆಗಲಿನ ಹಿಂದಿನ ಗಂಟನ್ನು ಹೆಬ್ಬೆರಳಿನಿಂದ ಒತ್ತತೊಡಗಿದರು. ನಾನು ಹಲ್ಲು ಕಚ್ಚಿ ಉಸಿರು ಹಿಡಿದೆ. ಹಾಗೆ ಉಸಿರು ಹಿಡಿದರೆ ಸ್ನಾಯು ಇನ್ನಷ್ಟು ಬಿಗಿಯುತ್ತದೆಂದೂ, ನಿಲ್ಲಿಸಬೇಕಾದರೆ ಮಂಚ ತಟ್ಟಬೇಕೆಂದೂ, ಅಲ್ಲಿಯವರೆಗೆ ಎಷ್ಟು ಬೇಕಾದರೂ ಕೂಗಬಹುದೆಂದೂ ತಿಳಿಸಿದರು. ಇಂಥ ಅನುಮತಿ ನನಗೆ ಮನೆಯಲ್ಲೂ ಸಿಕ್ಕಿರಲಿಲ್ಲ. "ಅಯ್ಯೋ, ಸತ್ತೆನಪ್ಪೋ" ಎಂದು ಮನಸಾರೆ ಕೂಗಿದೆ.

ಮೇಲ್ಮಹಡಿಗೆ ಹೊಸದಾಗಿ ಬಂದಿರುವ ನಿವೃತ್ತ ಮೇಷ್ಟ್ರಿಗೆ ಇದು ಕೇಳಿಸಿದೆ. ಮೇಡಂ, "ಇನ್ನೂ ಜೋರಾಗಿ ಕೂಗಿ, ಪರವಾಗಿಲ್ಲ" ಎಂದದ್ದೂ ಕೇಳಿಸಿದೆ. ಅವರು ಠಾಣೆಗೆ ಫೋನ್ ಮಾಡಿದ್ದಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಪಕ್ಕದಲ್ಲಿ ಯಾರಾದರೂ ಕೂಗಿದರೆ ಕಿಟಕಿ ಮುಚ್ಚಿಕೊಳ್ಳದವರು ಈಗ ಎಲ್ಲಿ ಸಿಗುತ್ತಾರೆ. ಆದರೆ ಸ್ವಲ್ಪ ತಡವಾಗಿ ಮಾಡಬಹುದಿತ್ತು.

ಇಬ್ಬರು ಪೇದೆಗಳು ಒಳಬಂದಾಗ ನನ್ನ ಕೈ ಕಿವಿಯ ಮಟ್ಟಕ್ಕೆ ಬಂದಿತ್ತು. ಈಗ ಬಿಟ್ಟರೆ ಪುನಃ ಬಿಗಿಯುತ್ತದೆ, ಹತ್ತು ನಿಮಿಷ ಕೊಡಿ ಎಂದು ಮೇಡಂ ಕೇಳಿಕೊಂಡರು. ಪೇದೆಗಳು ಕೊಡಲಿಲ್ಲ, ಅವರನ್ನು ಜೀಪಿನಲ್ಲಿ ಕೂರಿಸಿದರು. ನಾನು ಬನಿಯನ್ನಿನಲ್ಲೇ ಜೀಪಿನ ಹಿಂದೆ ಠಾಣೆಯವರೆಗೂ ಓಡಿದೆ. ಹೆಂಡತಿ ನನ್ನ ಅಂಗಿ ಹಿಡಿದುಕೊಂಡು ನನ್ನ ಹಿಂದೆ ಓಡಿದಳು.

ಮೇಡಂ ನನ್ನನ್ನು ಹೊಡೆದಿಲ್ಲ, ಬೈದಿಲ್ಲ. ನಾನು ಒಮ್ಮೆಯೂ ಮಂಚ ತಟ್ಟಿಲ್ಲ. ಈ ಹೇಳಿಕೆ ಬರೆಸುತ್ತಿರುವಾಗಲೇ ನನ್ನ ಕೈ ಕಿವಿಯಿಂದ ಗಲ್ಲಕ್ಕೆ ಇಳಿದಿದೆ, ಇದನ್ನು ಬರೆದುಕೊಳ್ಳುತ್ತಿರುವ ಠಾಣೆಯ ಸಾಹೇಬರಿಗೆ ತೋರಿಸಿದ್ದೇನೆ. ನನ್ನ ಹೆಂಡತಿ, "ಸಾರ್, ಇನ್ನೊಂದು ಪುಟ ಬರೆದ್ರೆ ಇವರ ಕೈ ಮೊಣಕಾಲಿಗೆ ಬರತ್ತೆ" ಎಂದು ತಿಳಿಸಿದಳು. ಸಾಹೇಬರು ನಕ್ಕು, ಬರೆಯುವುದನ್ನು ನಿಲ್ಲಿಸಿ, ಮೇಡಂ ಇಲ್ಲೇ ಕೆಲಸ ಮುಗಿಸಲಿ ಎಂದರು.

ಅರ್ಧ ಗಂಟೆಯ ನಂತರ ಮುಂದುವರಿಸಿ ಹೇಳುವುದೇನೆಂದರೆ: ಮೇಡಂ ನನ್ನನ್ನು ಠಾಣೆಯ ಬೆಂಚಿನ ಮೇಲೆ ಮಲಗಿಸಿ, ಒಂದು ಕೈಯಿಂದ ಭುಜದ ಕೀಲನ್ನು ಕೆಳಕ್ಕೆ ಒತ್ತುತ್ತ, ಇನ್ನೊಂದರಿಂದ ನನ್ನ ತೋಳನ್ನು ನಿಧಾನವಾಗಿ ಮೇಲಕ್ಕೆ ಎಳೆದರು. ನಾನು ಮೊದಲಿಗಿಂತ ಜೋರಾಗಿ ಕೂಗಿದೆ. ಬಾಗಿಲು ತೆರೆದೇ ಇತ್ತು, ಬೀದಿಯಲ್ಲಿ ಜನ ಓಡಾಡುತ್ತಿದ್ದರು. ಕೂಗು ಪೊಲೀಸ್ ಠಾಣೆಯಿಂದ ಬಂದದ್ದರಿಂದ ಯಾರೂ ಯಾರಿಗೂ ಫೋನ್ ಮಾಡಲಿಲ್ಲ.

ನಾನು ಎದ್ದು ಕುಳಿತ ಮೇಲೆ ಸಾಹೇಬರು, ಮೇಡಂ ಮೇಲೆ ದೂರು ಬೇಡ ಎನ್ನುವವರು ಕೈ ಎತ್ತಿ ಎಂದು ತಮಾಷೆಗೆ ಕೇಳಿದರು. ನಾನು ಬಲಗೈ ಎತ್ತಿದೆ. ಎದೆ ದಾಟಿತು, ಕಿವಿ ದಾಟಿತು, ತಲೆಯ ಮೇಲೆ ನೆಟ್ಟಗೆ ನಿಂತಿತು. ಹೆಂಡತಿ ಅಲ್ಲೇ ಎಲ್ಲರೆದುರು ಅತ್ತುಬಿಟ್ಟಳು. ನನಗೂ ತಡೆಯಲಾಗಲಿಲ್ಲ.

ಬರೆದದ್ದನ್ನು ಪೇದೆ ಓದಿ ಹೇಳಿದರು, ನಾನು ಕೇಳಿದೆ, ಎಲ್ಲವೂ ನಡೆದ ಹಾಗೇ ಇದೆ. ಕೈ ಇಳಿಸಲು ಮನಸ್ಸಿಲ್ಲದಿದ್ದರೂ ಸಹಿಗಾಗಿ ಇಳಿಸಿದ್ದೇನೆ.

ಸ್ಥಳ: ಠಾಣೆಯ ಬೆಂಚು
ದಿನಾಂಕ: ಇಂದು
ಸಹಿ: ಕತ್ತರಿಯಣ್ಣ, ಬಲಗೈಯಿಂದ