ಪಾರ್ಸಲ್ಲಿನ ಉಡಿ

ಎಂಬತ್ತೇಳರ ಬೇಸಿಗೆ. ಆಳಂದ ಬಸ್ ನಿಲ್ದಾಣದ ಕಟ್ಟೆಯ ಮೇಲೆ ನನ್ನ ಪಕ್ಕದಲ್ಲಿ ಇಬ್ಬರು ಹೆಂಗಸರು ಕುಳಿತಿದ್ದರು. ಹಿರಿಯಳಾದ ಸುಭದ್ರಕ್ಕ ಬಜಾರಿನ ಅಂಗಡಿಯಲ್ಲಿ ಗಿರಾಕಿಗಳಿಗೆ ಸೀರೆ ಬಿಚ್ಚಿ ತೋರಿಸುವವಳು. ಹಣಮವ್ವ, ಅಂಚೆಯಲ್ಲಿ ಊರೂರಿಗೆ ಸೀರೆ ಕಳಿಸುವ ಅಂಗಡಿಯಲ್ಲಿ ಪಾರ್ಸಲ್ ಕಟ್ಟುವವಳು. ಇಷ್ಟೂ ಅವರ ಮಾತಿನಲ್ಲೇ ತಿಳಿಯಿತು.

“ನಿಂದು ಆರಾಮ ನೌಕರಿ ಬೇ ಹಣಮವ್ವ. ಕುಂತು ಕಟ್ಟೋದು. ನಾ ಅಂಗಡಿ ಎಲ್ಲಾ ಬಿಚ್ಚಿ ಹಾಕಿದ್ರೂ, ಆಮ್ಯಾಗ ಬರ್ತೇವಿ ಅಂತ ಎದ್ದು ಹೋಗ್ತಾರ.”

“ಆರಾಮ ಖರೆ, ಸುಭದ್ರಕ್ಕ. ಆದ್ರ ಸೀರಿ ಉಡೋರ ಮಾರಿ ಕಾಣಂಗಿಲ್ಲ. ಗ್ವಾಡಿ ಜೋಡಿ ಮಾತಾಡ್ಬೇಕು.”

“ಅದಕ್ಕ ಪಾರ್ಸಲ್‌ನ್ಯಾಗ ಉಡಿ ತುಂಬಿ ಕಳಸ್ತೀಯಂತ?”

“ಹೆಣ್ಮಗಳಿಗೆ ಬರೇ ಸೀರಿ ಹ್ಯಾಂಗ ಕಳಸ್ಲಿ? ಒಂದು ಅರಿಷಿಣ ಕೊಂಬು, ಎರಡು ಉತ್ತತ್ತಿ ಇಡ್ತೇನಿ.”

“ಸಾವಕಾರ ಬೈಯಂಗಿಲ್ಲೇನು?”

“ಅವಗ ಗೊತ್ತಿದ್ದಿಲ್ಲ. ಮೊನ್ನಿ ಯಡ್ರಾಮಿಯಿಂದ ಒಂದು ಸೀರಿ ವಾಪಸ್ ಬಂತು. ಬಣ್ಣ ಮನಸ್ಸಿಗೆ ಬರಲಿಲ್ಲಂತ. ಬಿಚ್ಚಿದ್ರ ಒಳಗ ಶೇಂಗಾ ಉಂಡಿ!”

“ಉಂಡಿ ಯಾಕ?”

“ಉಡಿ ತುಂಬಿದವ್ರಿಗೆ ಆಕಿನೂ ಖಾಲಿ ಹ್ಯಾಂಗ ತಿರುಗಿ ಕಳಸ್ತಾಳ?”

“ಸಾವಕಾರ ಏನಂದ?”

“ಭಾಳ ಬೈದ. ಅವನ ಬಾಯಾಗ ಉಂಡಿ ಇತ್ತು, ಒಂದೂ ತಿಳೀಲಿಲ್ಲ.”

ಅಷ್ಟರಲ್ಲಿ ಅವರ ಬಸ್ಸು ಬಂತು. ಸುಭದ್ರಕ್ಕ ನಗುತ್ತಲೇ ಎದ್ದಳು.

“ದಿನಾ ಇಷ್ಟು ಮಂದಿ ಮಾರಿ ನೋಡ್ತೇನಿ. ಒಬ್ಬಾಕಿನೂ ನನಗ ಒಂದು ಉಂಡಿ ತಂದಿಲ್ಲ ನೋಡು.”

“ತಡಿ ಅಕ್ಕ,” ಎಂದು ಹಣಮವ್ವ ಸೆರಗಿನ ತುದಿಯಲ್ಲಿದ್ದ ಉಂಡೆ ಗಾತ್ರದ ಗಂಟು ಬಿಚ್ಚುತ್ತ ಅವಳ ಹಿಂದೆಯೇ ಬಸ್ ಹತ್ತಿದಳು.